ತುರ್ತುಪರಿಸ್ಥಿತಿ ಮತ್ತು ಕನ್ನಡ ನಾಡಿನ ಕ್ರೈಸ್ತರು

1975ರ ಜೂನ್ 12ರಂದು ಅಲಹಾಬಾದ್ ಹೈಕೋರ್ಟಿನ ನ್ಯಾಯಮೂರ್ತಿ ಜಗಮೋಹನಲಾಲ್ ಸಿನ್ಹಾ ಅವರು ಪ್ರಧಾನಿ ಇಂದಿರಾ ಗಾಂಧಿಯವರ ಲೋಕಸಭಾ ಆಯ್ಕೆಯನ್ನು ಅಸಿಂಧುಗೊಳಿಸಿದರು. ಜೂನ್ 25ರ ರಾತ್ರಿ ಸಂವಿಧಾನದ 352ನೇ ವಿಧಿಯಡಿ ಆಂತರಿಕ ತುರ್ತುಪರಿಸ್ಥಿತಿಯ ಘೋಷಣೆಯಾಯಿತು. ಸಂಸದೀಯ ಸಮಿತಿಯ ಸಭೆಗೆಂದು ಬೆಂಗಳೂರಿಗೆ ಬಂದಿದ್ದ ಅಟಲ್ ಬಿಹಾರಿ ವಾಜಪೇಯಿ, ಲಾಲಕೃಷ್ಣ ಅಡ್ವಾಣಿ, ಮಧು ದಂಡವತೆ, ಶ್ಯಾಮನಂದನ ಮಿಶ್ರ ಮರುದಿನವೇ ಶಾಸಕರ ಭವನದಲ್ಲಿ ಬಂಧಿತರಾಗಿ ಬೆಂಗಳೂರು ಕೇಂದ್ರ ಕಾರಾಗೃಹ ಸೇರಿದರು. ಇಪ್ಪತ್ತೊಂದು ತಿಂಗಳ ಕಾಲ ಪತ್ರಿಕೆಗಳಿಗೆ ಸೆನ್ಸಾರ್, ವಿರೋಧಿಗಳಿಗೆ ವಿಚಾರಣೆಯಿಲ್ಲದೆ ಸೆರೆಯಲ್ಲಿಡುವ ಮೀಸಾ ಕಾಯ್ದೆ, ನ್ಯಾಯಾಲಯಗಳಿಗೆ ಬೀಗ ಎಂಬ ಸ್ಥಿತಿ ನಡೆಯಿತು. ತುರ್ತುಪರಿಸ್ಥಿತಿಯ ಬಗ್ಗೆ ಮುಂದೆ ತನಿಖೆ ನಡೆಸಿದ ಷಾ ಆಯೋಗದ ಲೆಕ್ಕದ ಪ್ರಕಾರ ದೇಶದಲ್ಲಿ ಈ ಅವಧಿಯಲ್ಲಿ 1,10,000ಕ್ಕೂ ಹೆಚ್ಚು ಜನ ಬಂಧನದಲ್ಲಿದ್ದರು.

ಕರ್ನಾಟಕದ ಜನಸಂಖ್ಯೆಯಲ್ಲಿ ಶೇಕಡ 2ರ ಆಸುಪಾಸಿನಲ್ಲಿದ್ದ ಕ್ರೈಸ್ತರಿಗೆ ಈ ಕಾಲವು ತಮ್ಮ ಧರ್ಮದಷ್ಟೇ ಹಳೆಯದಾದ ಒಂದು ಪ್ರಶ್ನೆಯನ್ನು ಎದುರಿಗೆ ತಂದು ನಿಲ್ಲಿಸಿತು. ಸರ್ಕಾರದ ಮಾತನ್ನು ಎಲ್ಲಿಯವರೆಗೆ ಕೇಳಬೇಕು, ಎಲ್ಲಿಂದ ಮುಂದೆ ಕೇಳಬಾರದು? ಬೆಂಗಳೂರು ಆಗಲೂ ಭಾರತದ ಕ್ರೈಸ್ತ ಚಿಂತನೆಯ ದೊಡ್ಡ ಕೇಂದ್ರ. ತುರ್ತುಪರಿಸ್ಥಿತಿಯನ್ನು ದೇವಶಾಸ್ತ್ರದ ನೆಲೆಯಿಂದ ವಿರೋಧಿಸಿದ ಪ್ರಮುಖ ಚಿಂತಕನ ಕಾರ್ಯಕ್ಷೇತ್ರವೂ, ಆ ಸರ್ಕಾರದ ಕ್ರೌರ್ಯಕ್ಕೆ ತುತ್ತಾದ ಕ್ರೈಸ್ತ ಕುಟುಂಬವೊಂದರ ಮನೆಯೂ ಇದೇ ಊರಿನಲ್ಲಿದ್ದವು. ಸಭೆಗಳ ಆಡಳಿತ ಮಂಡಳಿಗಳು ಬಹುಮಟ್ಟಿಗೆ ಸುಮ್ಮನಿದ್ದ ಊರೂ ಇದೇ.

ಸುಮ್ಮನಿದ್ದವರಿಗೆ ಆಸರೆಯಾಗಿ ಸಿಗುತ್ತಿದ್ದುದು ರೋಮಾಪುರದವರಿಗೆ ಬರೆದ ಪತ್ರಿಕೆಯ 13ನೇ ಅಧ್ಯಾಯ. ಇರುವ ಅಧಿಕಾರವೆಲ್ಲ ದೇವರಿಂದ ನೇಮಕವಾದದ್ದು, ಅದನ್ನು ಎದುರಿಸುವವನು ದೇವರ ನೇಮಕವನ್ನೇ ಎದುರಿಸುತ್ತಾನೆ ಎಂಬ ಅರ್ಥದ ಮಾತನ್ನು ಪೌಲನು ಅಲ್ಲಿ ಬರೆದಿದ್ದಾನೆ. ಪೇತ್ರನ ಮೊದಲನೆಯ ಪತ್ರಿಕೆಯಲ್ಲೂ ಅದೇ ಧಾಟಿಯ ಉಪದೇಶವಿದೆ. ಆದರೆ ಪೌಲನ ಅದೇ ಅಧ್ಯಾಯ ಅಧಿಕಾರಿಗೆ ಒಂದು ಕೆಲಸವನ್ನೂ ಹೊರಿಸುತ್ತದೆ: ಒಳ್ಳೆಯದನ್ನು ಮಾಡುವವನಿಗೆ ಹಿತ, ಕೆಟ್ಟದ್ದನ್ನು ಮಾಡುವವನಿಗೆ ದಂಡನೆ. ಈ ಕೆಲಸ ತಲೆಕೆಳಗಾದಾಗ ಏನು ಮಾಡಬೇಕೆಂದು ಪೌಲನು ಅಲ್ಲಿ ಬಿಡಿಸಿ ಹೇಳಲಿಲ್ಲ. ಅಪೊಸ್ತಲರ ಕೃತ್ಯಗಳ 5ನೇ ಅಧ್ಯಾಯದಲ್ಲಿ ಬೋಧಿಸಬೇಡಿರೆಂದು ಯೆಹೂದ್ಯ ಹಿರಿಸಭೆ ಅಪ್ಪಣೆ ಮಾಡಿದಾಗ ಪೇತ್ರನೂ ಸಂಗಡಿಗರೂ ಮನುಷ್ಯರಿಗಿಂತ ದೇವರಿಗೆ ವಿಧೇಯರಾಗುತ್ತೇವೆಂದು ನೇರವಾಗಿ ನಿರಾಕರಿಸುತ್ತಾರೆ. ಪ್ರಕಟನೆ ಗ್ರಂಥದ 13ನೇ ಅಧ್ಯಾಯದಲ್ಲಂತೂ ಸಾಮ್ರಾಜ್ಯವು ಸಮುದ್ರದಿಂದ ಏರಿಬರುವ ಮೃಗದ ರೂಪ ತಾಳಿ ಪೂಜೆಯನ್ನೇ ಕೇಳುತ್ತದೆ. ಒಂದೇ ಗ್ರಂಥಸಂಪುಟದ ಈ ಎರಡು ಹದಿಮೂರನೆಯ ಅಧ್ಯಾಯಗಳ ನಡುವೆ ಕ್ರೈಸ್ತ ರಾಜಕೀಯ ಚಿಂತನೆ ಎರಡು ಸಾವಿರ ವರ್ಷ ತೂಗಾಡಿದೆ. 1525ರ ರೈತ ದಂಗೆಯಲ್ಲಿ ಲೂಥರ್ ಪ್ರಭುಗಳ ಪರ ನಿಂತ. ಕೆಳಹಂತದ ಅಧಿಕಾರಿಗಳಿಗೆ ದಬ್ಬಾಳಿಕೆಯ ರಾಜನನ್ನು ತಡೆಯುವ ಕರ್ತವ್ಯವಿದೆ ಎಂದು ಕ್ಯಾಲ್ವಿನ್ ಬಾಗಿಲನ್ನು ಸ್ವಲ್ಪ ತೆರೆದಿಟ್ಟ. 1934ರ ಮೇ ತಿಂಗಳಲ್ಲಿ ಜರ್ಮನಿಯ ಬಾರ್ಮೆನ್‌ನಲ್ಲಿ ಸೇರಿದ ಪ್ರೊಟೆಸ್ಟೆಂಟರು ಸಭೆಯ ಮೇಲೆ ನಾಜಿ ಪ್ರಭುತ್ವದ ಹಕ್ಕನ್ನು ತಳ್ಳಿಹಾಕಿದರು. ಹಿಟ್ಲರನ ವಿರುದ್ಧದ ಸಂಚಿನಲ್ಲಿ ಭಾಗಿಯಾಗಿದ್ದ ಪಾದ್ರಿ ಡೀಟ್ರಿಚ್ ಬಾನ್‌ಹಾಫರ್ ಅವರನ್ನು 1945ರ ಏಪ್ರಿಲ್ 9ರಂದು ಗಲ್ಲಿಗೇರಿಸಲಾಯಿತು.

ಕನ್ನಡ ನಾಡಿನ ಸಭೆಗಳಿಗೆ ಬಂದ ಪರಂಪರೆ ಹೆಚ್ಚಾಗಿ ವಿಧೇಯತೆಯದು. ಅದಕ್ಕೆ ಚರಿತ್ರೆಯ ಕಾರಣಗಳಿವೆ. 1784ರಲ್ಲಿ, ಇಂಗ್ಲಿಷರಿಗೆ ನೆರವಾದರೆಂಬ ಆರೋಪದ ಮೇಲೆ, ಕೆನರಾ ಕರಾವಳಿಯ ಕಥೋಲಿಕರನ್ನು ಟಿಪ್ಪು ಸುಲ್ತಾನ್ ಸೆರೆಹಿಡಿಸಿ ಶ್ರೀರಂಗಪಟ್ಟಣಕ್ಕೆ ಸಾಗಿಸಿದ. 1799ರವರೆಗಿನ ಆ ಸೆರೆಯ ನೆನಪು ಪ್ರಭುತ್ವದ ಸಂಶಯಕ್ಕೆ ಗುರಿಯಾದರೆ ಏನಾಗುತ್ತದೆಂಬುದನ್ನು ಸಮುದಾಯದ ಮನಸ್ಸಿನಲ್ಲಿ ಆಳವಾಗಿ ಊರಿಸಿತು. ಮೊದಲನೆಯ ಮಹಾಯುದ್ಧದಲ್ಲಿ ಬ್ರಿಟಿಷ್ ಸರ್ಕಾರ ಬಾಸೆಲ್ ಮಿಷನ್ನಿನ ಜರ್ಮನ್ ಮಿಷನರಿಗಳನ್ನು ಸೆರೆಯಲ್ಲಿಟ್ಟಿತು. ಮಂಗಳೂರಿನ ಹೆಂಚಿನ ಕಾರ್ಖಾನೆಗಳೂ ನೇಯ್ಗೆ ಕಾರ್ಖಾನೆಗಳೂ ಕೈಬಿಟ್ಟು ಕಾಮನ್‌ವೆಲ್ತ್ ಟ್ರಸ್ಟಿನ ಪಾಲಾದವು. ಆ ಯುದ್ಧದ ತರುವಾಯ ಬ್ರಿಟಿಷೇತರ ಮಿಷನರಿಗಳು ರಾಜಕೀಯದಿಂದ ದೂರವಿದ್ದು ಸರ್ಕಾರಕ್ಕೆ ನಿಷ್ಠರಾಗಿರುತ್ತೇವೆಂದು ಬರೆದುಕೊಟ್ಟೇ ಭಾರತದಲ್ಲಿ ಕೆಲಸ ಮಾಡಬೇಕಾಯಿತು. ಗಾಂಧೀಜಿಯ ಚಳವಳಿಗೆ ಒಲಿದ ಅಮೆರಿಕದ ಮಿಷನರಿ ರಾಲ್ಫ್ ರಿಚರ್ಡ್ ಕೈಥಾನ್ 1930ರಲ್ಲೊಮ್ಮೆ, 1944ರಲ್ಲಿ ಮತ್ತೊಮ್ಮೆ ದೇಶ ಬಿಡಬೇಕಾಗಿ ಬಂದದ್ದು ಈ ಕಟ್ಟಳೆ ಎಷ್ಟು ಬಿಗಿಯಾಗಿತ್ತೆಂಬುದಕ್ಕೆ ಸಾಕ್ಷಿ. ಪಾದ್ರಿಗೆ ರಾಜಕೀಯ ಬೇಡ, ಸಭೆಗೆ ಸರ್ಕಾರದ ತಂಟೆ ಬೇಡ ಎಂಬ ರೂಢಿ ಹೀಗೆ ಬೆಳೆಯಿತು. ಪರಕೀಯ ಸರ್ಕಾರ ಹೋದ ಮೇಲೂ ರೂಢಿ ಹೋಗಲಿಲ್ಲ.

ಎದುರು ನಿಂತವರು ಇರಲಿಲ್ಲವೆಂದಲ್ಲ. ಉಡುಪಿಯಲ್ಲಿ ಹುಟ್ಟಿದ ಜೋಕಿಂ ಆಳ್ವ ಸ್ವಾತಂತ್ರ್ಯ ಹೋರಾಟದಲ್ಲಿ ಹಲವು ಬಾರಿ ಸೆರೆಮನೆ ಕಂಡರು. ಅವರ ಪತ್ನಿ ವಯಲೆಟ್ ಆಳ್ವ 1943ರಲ್ಲಿ ಎಳೆಗೂಸನ್ನು ಎತ್ತಿಕೊಂಡೇ ಮುಂಬಯಿಯ ಆರ್ಥರ್ ರಸ್ತೆಯ ಜೈಲಿಗೆ ಹೋದರು. ಆದರೆ ಇವರೆಲ್ಲ ಲೌಕಿಕರು, ಸಭೆಯ ಆಡಳಿತದ ಹೊರಗಿನವರು. 1975ರಲ್ಲೂ ನಡೆದದ್ದು ಹೆಚ್ಚುಕಡಿಮೆ ಇದೇ.

ಆಡಳಿತ ಮಂಡಳಿಗಳ ಮೌನಕ್ಕೆ ಭಯವೊಂದೇ ಕಾರಣವಾಗಿರಲಿಲ್ಲ. 1975ರ ಜುಲೈ 4ರಂದು ರಾಷ್ಟ್ರೀಯ ಸ್ವಯಂಸೇವಕ ಸಂಘವೂ ಸೇರಿ ಹಲವು ಸಂಘಟನೆಗಳನ್ನು ಸರ್ಕಾರ ನಿಷೇಧಿಸಿತು. ಮತಾಂತರ ವಿರೋಧಿ ಕಾನೂನುಗಳಿಗಾಗಿ ಒತ್ತಾಯಿಸುತ್ತಿದ್ದ ಶಕ್ತಿಗಳಿಗೆ ಲಗಾಮು ಬಿತ್ತೆಂದು ಅಲ್ಪಸಂಖ್ಯಾತರಲ್ಲಿ ಅನೇಕರು ನೆಮ್ಮದಿಯ ಉಸಿರು ಬಿಟ್ಟರು. ಸಂವಿಧಾನದ ಪ್ರಸ್ತಾವನೆಗೆ ಜಾತ್ಯತೀತ, ಸಮಾಜವಾದಿ ಎಂಬ ಪದಗಳನ್ನು ಸೇರಿಸಿದ 42ನೇ ತಿದ್ದುಪಡಿ ಬಂದದ್ದೂ ಇದೇ ಅವಧಿಯಲ್ಲಿ. ಕರ್ನಾಟಕದಲ್ಲಿ ಇನ್ನೊಂದು ಕಾರಣವೂ ಇತ್ತು. ಮುಖ್ಯಮಂತ್ರಿ ದೇವರಾಜ ಅರಸು ಅವರ ಭೂಸುಧಾರಣಾ ತಿದ್ದುಪಡಿ 1974ರ ಮಾರ್ಚ್‌ನಲ್ಲಿ ಜಾರಿಗೆ ಬಂದಿತ್ತು. ದಕ್ಷಿಣ ಕನ್ನಡದ ಗೇಣಿ ಒಕ್ಕಲುಗಳಲ್ಲಿ ಕ್ರೈಸ್ತರೂ ಬಹಳ ಮಂದಿ. ತಲೆತಲಾಂತರದಿಂದ ಒಡೆಯನಿಗೆ ಅಕ್ಕಿಮುಡಿ ಹೊತ್ತುಹಾಕಿದವರು ಭೂ ನ್ಯಾಯಮಂಡಳಿಯ ಮುಂದೆ ಡಿಕ್ಲರೇಷನ್ ಕೊಟ್ಟು ಜಮೀನಿನ ಹಕ್ಕು ಕೇಳುತ್ತಿದ್ದ ದಿನಗಳವು. ಜೀತ ವಿಮುಕ್ತಿ, ಸಾಲ ಮನ್ನಾದ ಮಾತುಗಳು ಇಂದಿರಾ ಸರ್ಕಾರದ ಇಪ್ಪತ್ತು ಅಂಶಗಳ ಕಾರ್ಯಕ್ರಮದಲ್ಲಿದ್ದವು. ಇಂಥ ಒಕ್ಕಲಿನ ಮನೆಯವರಿಗೆ ದೆಹಲಿಯ ಪತ್ರಿಕಾ ಸ್ವಾತಂತ್ರ್ಯದ ಪ್ರಶ್ನೆ ದೂರದ್ದಾಗಿ ಕಂಡಿದ್ದರೆ ಅವರನ್ನು ತಪ್ಪೆನ್ನಲಾಗದು. ಆಡಳಿತ ಪಕ್ಷದಲ್ಲಿದ್ದ ಕ್ರೈಸ್ತ ನಾಯಕರೂ ಇದ್ದರು. ಆಳ್ವ ದಂಪತಿಯ ಸೊಸೆ ಮಂಗಳೂರಿನ ಮಾರ್ಗರೆಟ್ ಆಳ್ವ 1974ರಿಂದ ಕಾಂಗ್ರೆಸ್ಸಿನ ರಾಜ್ಯಸಭಾ ಸದಸ್ಯೆ.

ಸಂಸ್ಥೆಗಳನ್ನು ನಡೆಸುತ್ತಿದ್ದವರ ಲೆಕ್ಕ ಬೇರೆ. ಕರ್ನಾಟಕದಲ್ಲಿ ಸಭೆಯೆಂದರೆ ಆರಾಧನೆಯ ಮಂದಿರದ ಜೊತೆಗೆ ಶಾಲೆ, ಕಾಲೇಜು, ಆಸ್ಪತ್ರೆ, ಅನಾಥಾಲಯ. ಮಂಗಳೂರಿನ ಸೇಂಟ್ ಅಲೋಶಿಯಸ್ ಕಾಲೇಜು, ಕಂಕನಾಡಿಯ ಫಾದರ್ ಮುಲ್ಲರ್ ಆಸ್ಪತ್ರೆ, ಬೆಂಗಳೂರಿನ ಸೇಂಟ್ ಜೋಸೆಫ್ ಕಾಲೇಜು, ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜು, ದಕ್ಷಿಣ ಭಾರತ ಸಭೆಯ ಧರ್ಮಪ್ರಾಂತಗಳ ನೂರಾರು ಶಾಲೆಗಳು, ಇವೆಲ್ಲಕ್ಕೂ ಮಾನ್ಯತೆ, ಅನುದಾನ, ಪರವಾನಗಿ ಸರ್ಕಾರದಿಂದಲೇ ಬರಬೇಕು. 1976ರ ಆಗಸ್ಟ್‌ನಲ್ಲಿ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ ಜಾರಿಗೆ ಬಂತು. ಹೊರದೇಶದ ಸಭೆಗಳಿಂದ ಬರುವ ಹಣದ ನಲ್ಲಿ ಅಂದಿನಿಂದ ಗೃಹ ಖಾತೆಯ ಕೈಯಲ್ಲಿ. ಕಳೆದುಕೊಳ್ಳುವುದು ಬಹಳ ಇದ್ದವರು ಪೌಲನ ಪತ್ರಿಕೆಯನ್ನು ಒಂದು ಕಡೆಯಿಂದ ಮಾತ್ರ ಓದಿದರು. ಇದನ್ನು ಕಟುವಾಗಿಯಾದರೂ ಹೇಳಬೇಕಾಗುತ್ತದೆ, ಏಕೆಂದರೆ ಅದೇ ದಿನಗಳಲ್ಲಿ ಶಿವರಾಮ ಕಾರಂತರು ತಮಗೆ ಬಂದಿದ್ದ ಪದ್ಮಭೂಷಣವನ್ನು ಹಿಂದಿರುಗಿಸಿ ಪ್ರತಿಭಟಿಸಿದ್ದರು. ಕಾರಂತರ ಹಿಂದೆ ಸಂಸ್ಥೆಯಿರಲಿಲ್ಲ, ಅವರು ಒಂಟಿಯಾಗಿ ಹೇಳಬಲ್ಲವರಾಗಿದ್ದರು ಎಂಬ ಸಮಾಧಾನವಿದೆ. ಆದರೆ ದೇಶದ ಕ್ರೈಸ್ತ ಸಭಾಧ್ಯಕ್ಷರಲ್ಲಿಯೂ ಒಬ್ಬರು ಹಾಗೆ ಹೇಳಿದರು. ಕೇರಳದ ಮಾರ್ಥೋಮಾ ಸಭೆಯ ಮುಖ್ಯಸ್ಥ ಯುಹಾನೊನ್ ಮಾರ್ಥೋಮಾ ಅವರು ತುರ್ತುಪರಿಸ್ಥಿತಿಯನ್ನು ಹಿಂತೆಗೆದುಕೊಳ್ಳಬೇಕೆಂದು ಪ್ರಧಾನಿಗೆ ನೇರವಾಗಿ ಪತ್ರ ಬರೆದರು. ಅವರ ಸಭೆಗೂ ಶಾಲೆಗಳಿದ್ದವು, ಆಸ್ಪತ್ರೆಗಳಿದ್ದವು. 1976ರ ಸೆಪ್ಟೆಂಬರಿನಲ್ಲಿ, ತುರ್ತುಪರಿಸ್ಥಿತಿ ಮುಗಿಯುವ ಮೊದಲೇ, ಅವರು ತೀರಿಕೊಂಡರು.

ವಿರೋಧದ ಮಾತು ಎಷ್ಟು ದೂರ ಹೋಗಬಲ್ಲದು ಎಂಬುದು ಒಂದೊಂದು ರಾಜ್ಯದಲ್ಲಿ ಒಂದೊಂದು ರೀತಿ ಇತ್ತು. ದಿಂಬಂ ಘಾಟಿಯ ಮೇಲಿನ ತಾಳವಾಡಿ, ತಾಳಮಲೆ, ಹಾಸನೂರು ಕಡೆಯ ಊರುಗಳು ಮನೆಮಾತಿನಲ್ಲಿ ಕನ್ನಡದವು. ನೆರೆಯ ಕೊಳ್ಳೇಗಾಲ ತಾಲೂಕು 1956ರಲ್ಲಿ ಮೈಸೂರು ರಾಜ್ಯಕ್ಕೆ ಬಂದಾಗ ಇವು ಮದ್ರಾಸಿನಲ್ಲೇ ಉಳಿದವು. 1975ರಲ್ಲಿ ಕೊಯಮತ್ತೂರು ಜಿಲ್ಲೆಗೆ ಸೇರಿದ್ದವು. ಹೊಲದ ಬದುವಿನಂತೆ ಹಾದುಹೋಗುವ ಈ ಗಡಿಯ ಈಚೆ ಚಾಮರಾಜನಗರದ ಕಡೆ ಕಾಂಗ್ರೆಸ್ ಸರ್ಕಾರ. ಆಚೆ ತಮಿಳುನಾಡಿನಲ್ಲಿ ಎಂ. ಕರುಣಾನಿಧಿಯವರ ಡಿಎಂಕೆ ಸರ್ಕಾರ. ಆ ಪಕ್ಷ ಜೂನ್ 27ರಂದೇ ತುರ್ತುಪರಿಸ್ಥಿತಿಯನ್ನು ವಿರೋಧಿಸಿ ನಿರ್ಣಯ ಮಾಡಿತ್ತು. 1976ರ ಜನವರಿ 31ರಂದು ಆ ಸರ್ಕಾರ ವಜಾ ಆಗುವ ತನಕ, ಕರ್ನಾಟಕದಲ್ಲಿ ಹಿಡಿಯಬಹುದಾಗಿದ್ದ ಮನುಷ್ಯ ತಮಿಳುನಾಡಿನಲ್ಲಿ ಸ್ವಲ್ಪಮಟ್ಟಿಗೆ ಓಡಾಡಬಹುದಿತ್ತು. ಒಂದೇ ಸಂವಿಧಾನ, ಒಂದೇ ಕಾಯ್ದೆ, ಕನ್ನಡವನ್ನೇ ಆಡುವ ಅಕ್ಕಪಕ್ಕದ ಊರುಗಳು. ಆದರೂ ಮೇಲಿನ ಅಧಿಕಾರ ಬದಲಾದೊಡನೆ ಅಪರಾಧದ ತೂಕವೂ ಬದಲಾಗುತ್ತಿತ್ತು. ಇರುವ ಅಧಿಕಾರವೆಲ್ಲ ದೈವದತ್ತವೆಂದು ಬಾಯಿಪಾಠ ಒಪ್ಪಿಸುವವರಿಗೆ, ಬೆಂಗಳೂರು ಮತ್ತು ಮದ್ರಾಸಿನ ಎರಡು ಅಧಿಕಾರಗಳಲ್ಲಿ ಯಾವುದು ದೈವದತ್ತ ಎಂದು ಹೇಳುವುದು ಆಗ ಕಷ್ಟವಾಗಿದ್ದಿರಬೇಕು. ಗುಜರಾತಿನಲ್ಲಿ ಜನತಾ ರಂಗದ ಸರ್ಕಾರವೂ 1976ರ ಮಾರ್ಚ್ ತನಕ ಇಂಥದೇ ಆಸರೆಯಾಗಿತ್ತು.

ಈ ಪ್ರಶ್ನೆಯನ್ನು ಬಿಡದೆ ಬೆನ್ನಟ್ಟಿದವರು ಎಂ. ಎಂ. ಥಾಮಸ್. 1916ರಲ್ಲಿ ಕೇರಳದಲ್ಲಿ ಹುಟ್ಟಿದ ಮಾರ್ಥೋಮಾ ಸಭೆಯ ಲೌಕಿಕ. ಯೌವನದಲ್ಲಿ ಅವರು ಸಭೆಯ ಪಾದ್ರಿ ದೀಕ್ಷೆಗೂ ಕಮ್ಯುನಿಸ್ಟ್ ಪಕ್ಷದ ಸದಸ್ಯತ್ವಕ್ಕೂ ಅರ್ಜಿ ಹಾಕಿದ್ದರು. ಎರಡೂ ಕಡೆಯವರು ಬೇಡವೆಂದರು. ಬೆಂಗಳೂರಿನಲ್ಲಿ 1957ರಲ್ಲಿ ಆರಂಭವಾದ ಧರ್ಮ ಮತ್ತು ಸಮಾಜ ಅಧ್ಯಯನದ ಕ್ರೈಸ್ತ ಸಂಸ್ಥೆಯಲ್ಲಿ ಪಿ. ಡಿ. ದೇವನಂದನ್ ಅವರ ಜೊತೆಗಾರರಾಗಿ, 1962ರಲ್ಲಿ ದೇವನಂದನ್ ತೀರಿಕೊಂಡ ಮೇಲೆ ನಿರ್ದೇಶಕರಾಗಿ, 1975ರವರೆಗೆ ದುಡಿದರು. ಹಿಂದೂ ಸಮಾಜದ ಸುಧಾರಣೆ, ಭಾರತದ ರಾಷ್ಟ್ರೀಯತೆ, ಬಡವರ ಚಳವಳಿ ಇವನ್ನೆಲ್ಲ ಕ್ರೈಸ್ತ ಚಿಂತನೆಯ ಒಳಗೆ ತಂದು ಕೂರಿಸಿದ ಸಂಸ್ಥೆ ಅದು. 1968ರಿಂದ ಥಾಮಸ್ ಸಭೆಗಳ ಜಾಗತಿಕ ಮಂಡಳಿಯ ಕೇಂದ್ರ ಸಮಿತಿಯ ಅಧ್ಯಕ್ಷರೂ ಆಗಿದ್ದರು. 1975ರ ನವೆಂಬರ್, ಡಿಸೆಂಬರಿನಲ್ಲಿ ನೈರೋಬಿಯಲ್ಲಿ ಆ ಮಂಡಳಿಯ ಮಹಾಧಿವೇಶನ ಕೂಡಿತು. ಕ್ರಿಸ್ತನು ಬಿಡುಗಡೆ ಮಾಡುತ್ತಾನೆ, ಒಂದುಗೂಡಿಸುತ್ತಾನೆ ಎಂಬುದು ಅಧಿವೇಶನದ ಮುಖ್ಯ ವಿಷಯ. ಆ ಹೊತ್ತಿಗೆ ಅವರ ದೇಶದ ಜೈಲುಗಳು ತುಂಬಿದ್ದವು.

1975ರ ಜುಲೈಯಿಂದ 1977ರ ಫೆಬ್ರವರಿಯವರೆಗೆ ಥಾಮಸ್ ಬರೆಯುತ್ತಲೇ ಹೋದರು. ಮದ್ರಾಸಿನಿಂದ ಬರುತ್ತಿದ್ದ ಕ್ರೈಸ್ತ ವಾರಪತ್ರಿಕೆ ‘ಗಾರ್ಡಿಯನ್’ ಅವರ ಮುಖ್ಯ ವೇದಿಕೆ. ಈ ಬರಹಗಳು 1979ರಲ್ಲಿ ‘ರೆಸ್ಪಾನ್ಸ್ ಟು ಟಿರನಿ’ ಎಂಬ ಪುಸ್ತಕವಾದವು. ಅಭಿವೃದ್ಧಿಗೆ ಶಿಸ್ತು ಬೇಕು, ಶಿಸ್ತಿಗೆ ಸರ್ವಾಧಿಕಾರ ಬೇಕು, ಬಡವನಿಗೆ ಮೊದಲು ಅನ್ನ, ಸ್ವಾತಂತ್ರ್ಯ ಆಮೇಲೆ ಎಂಬ ಆ ಕಾಲದ ವಾದವನ್ನು ಅವರು ಒಪ್ಪಲಿಲ್ಲ. ಸಂಘ ಕಟ್ಟುವ, ಮುಷ್ಕರ ಹೂಡುವ, ಅನ್ಯಾಯವನ್ನು ಅನ್ಯಾಯವೆಂದು ಹೇಳುವ ಹಕ್ಕು ಹೋದರೆ ಮೊದಲು ಬಡವನೇ ಅನಾಥನಾಗುತ್ತಾನೆ ಎಂಬುದು ಅವರ ನಿಲುವು. ಪ್ರಭುತ್ವ ಮನುಷ್ಯನಿಗೆ ಬೇಕಾದದ್ದು ನಿಜ. ಆದರೆ ಪ್ರಭುತ್ವ ತನ್ನನ್ನು ತಾನೇ ಕಟ್ಟಕಡೆಯ ಸತ್ಯವೆಂದು ಸಾರಿಕೊಂಡಾಗ ಅದು ವಿಗ್ರಹವಾಗುತ್ತದೆ, ವಿಗ್ರಹಕ್ಕೆ ಅಡ್ಡಬೀಳದಿರುವುದು ಕ್ರೈಸ್ತನ ಮೊದಲ ಆಜ್ಞೆ. ಥಾಮಸ್ ಅವರ ದೊಡ್ಡ ಕೊಡುಗೆ ಇದು: ಕಾನೂನು ಮುರಿಯಬಹುದೇ ಎಂಬ ಪ್ರಶ್ನೆಗಿಂತ ಹಿಂದೆ ಹೋಗಿ, ಸರ್ಕಾರ ಕೇಳುತ್ತಿರುವುದು ತೆರಿಗೆಯನ್ನೋ ಆರಾಧನೆಯನ್ನೋ ಎಂದು ಕೇಳಿದರು. ಹತ್ತು ವರ್ಷಗಳ ನಂತರ, 1985ರಲ್ಲಿ, ದಕ್ಷಿಣ ಆಫ್ರಿಕದ ಕಪ್ಪು ದೇವಶಾಸ್ತ್ರಜ್ಞರು ಕೈರೋಸ್ ದಾಖಲೆಯಲ್ಲಿ, ಪೌಲನ ಪತ್ರಿಕೆಯನ್ನು ತೋರಿಸಿ ವರ್ಣಭೇದದ ಸರ್ಕಾರಕ್ಕೆ ಬೆಂಬಲ ಹುಡುಕುವ ಬೋಧನೆಗೆ ಪ್ರಭುತ್ವದ ದೇವಶಾಸ್ತ್ರವೆಂದು ಹೆಸರಿಟ್ಟರು. ಅದೇ ವಿಚಾರವನ್ನು ಥಾಮಸ್ ಸೆನ್ಸಾರಿನ ನೆರಳಲ್ಲಿ ಕೂತು ಬರೆದಿದ್ದರು.

ಬರವಣಿಗೆಯ ಪ್ರತಿರೋಧ ಹೀಗಿದ್ದರೆ, ಮೈಯಿಂದಲೇ ಬೆಲೆ ತೆತ್ತವರು ಫರ್ನಾಂಡಿಸ್ ಕುಟುಂಬದವರು. 1930ರ ಜೂನ್ 3ರಂದು ಮಂಗಳೂರಿನ ಕಥೋಲಿಕ ಮನೆಯಲ್ಲಿ ಹುಟ್ಟಿದ ಜಾರ್ಜ್ ಫರ್ನಾಂಡಿಸ್ ಅವರಿಗೆ ಆ ಹೆಸರು ಬಂದದ್ದು ಬ್ರಿಟಿಷ್ ದೊರೆ ಐದನೆಯ ಜಾರ್ಜನಿಂದ. ಆರು ಗಂಡುಮಕ್ಕಳಲ್ಲಿ ಹಿರಿಯ. ಪಾದ್ರಿಯಾಗಲೆಂದು 1946ರಲ್ಲಿ ಅವರನ್ನು ಬೆಂಗಳೂರಿನ ಸೇಂಟ್ ಪೀಟರ್ಸ್ ಗುರುಮಠಕ್ಕೆ ಕಳಿಸಿದರು. ಅಲ್ಲಿ ಗುರುಗಳಿಗೆ ಎತ್ತರದ ಮೇಜು, ಒಳ್ಳೆಯ ಊಟ, ವಿದ್ಯಾರ್ಥಿಗಳಿಗೆ ಬೇರೆ ಊಟ ಎಂಬ ಭೇದವನ್ನು ಅವರಿಗೆ ಸಹಿಸಲಾಗಲಿಲ್ಲ. ಗುರುಮಠ ಬಿಟ್ಟು ಮುಂಬಯಿ ಸೇರಿ ಕಾರ್ಮಿಕ ನಾಯಕರಾದರು, 1967ರಲ್ಲಿ ಎಸ್. ಕೆ. ಪಾಟೀಲರನ್ನು ಸೋಲಿಸಿ ಲೋಕಸಭೆಗೆ ಬಂದರು. 1974ರ ಮೇ ತಿಂಗಳ ರೈಲ್ವೆ ಮುಷ್ಕರವನ್ನು ಮುನ್ನಡೆಸಿದರು. ತುರ್ತುಪರಿಸ್ಥಿತಿ ಬಂದಾಗ ಒಡಿಶಾದ ಗೋಪಾಲಪುರದಲ್ಲಿದ್ದವರು ಅಲ್ಲಿಂದಲೇ ಭೂಗತರಾದರು. ಕೆಲವೆಡೆ ಸಾಧುವಿನ ವೇಷ, ಕೆಲವೆಡೆ ಸಿಖ್ಖರ ಪೇಟ. ಬೆಂಗಳೂರಿನಲ್ಲಿದ್ದ ತಮ್ಮಂದಿರಲ್ಲಿ ಮೈಕೇಲ್ ಅವರನ್ನು ಮೀಸಾ ಕಾಯ್ದೆಯಡಿ ಹಿಡಿದಿಟ್ಟರು.

1976ರ ಏಪ್ರಿಲ್ 28ರಂದು ಜಬಲ್‌ಪುರ ಎಡಿಎಂ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ, ತುರ್ತುಪರಿಸ್ಥಿತಿಯಲ್ಲಿ ಬಂಧಿತನು ತನ್ನ ಬಂಧನವನ್ನು ಪ್ರಶ್ನಿಸುವ ಹೇಬಿಯಸ್ ಕಾರ್ಪಸ್ ಅರ್ಜಿ ಹಾಕಲಾರನೆಂದು ತೀರ್ಪು ನೀಡಿತು. ಒಬ್ಬಂಟಿಯಾಗಿ ಭಿನ್ನಮತ ಬರೆದವರು ನ್ಯಾಯಮೂರ್ತಿ ಎಚ್. ಆರ್. ಖನ್ನಾ. ಒಂಬತ್ತು ಹೈಕೋರ್ಟುಗಳು ಬಂಧಿತರ ಪರವಾಗಿ ಹೇಳಿದ್ದ ಮಾತು ಇದರಿಂದ ಬಿದ್ದುಹೋಯಿತು. ಮೂರು ದಿನಗಳ ನಂತರ, ಮೇ 1ರಂದು, ಪೊಲೀಸರು ಜಾರ್ಜ್ ಅವರ ಇನ್ನೊಬ್ಬ ತಮ್ಮ ಲಾರೆನ್ಸ್ ಫರ್ನಾಂಡಿಸ್ ಅವರನ್ನು ಬೆಂಗಳೂರಿನ ಮನೆಯಿಂದ ಕರೆದೊಯ್ದರು. ಅಣ್ಣ ಎಲ್ಲಿದ್ದಾನೆಂದು ಕೇಳಿ ಹೊಡೆದರು. ಹಲವು ದಿನ ಅವರು ಯಾವ ದಾಖಲೆಯಲ್ಲೂ ಇಲ್ಲದ ಬಂದಿ. ಸರಿಯಾಗಿ ನಡೆಯಲೂ ಆಗದ ಸ್ಥಿತಿಯಲ್ಲಿ ಜೈಲು ಸೇರಿದ ಅವರ ದೇಹ ಮುಂದೆ ಎಂದೂ ಪೂರ್ತಿ ಚೇತರಿಸಿಕೊಳ್ಳಲಿಲ್ಲ. ತಾಯಿ ಆಲಿಸ್ ಫರ್ನಾಂಡಿಸ್ ನಡೆದದ್ದನ್ನೆಲ್ಲ ವಿವರವಾಗಿ ಬರೆದು ರಾಷ್ಟ್ರಪತಿಗೆ ಕಳಿಸಿದರು. ಪತ್ರಿಕೆಗಳು ಅಚ್ಚು ಹಾಕಲಾಗದ ಆ ಪತ್ರದ ಪ್ರತಿಗಳು ಕೈಯಿಂದ ಕೈಗೆ ದಾಟಿ ದೇಶದ ಹೊರಗೂ ಹೋದವು. ದೇವಶಾಸ್ತ್ರ ಓದದ ಒಬ್ಬ ಕಥೋಲಿಕ ತಾಯಿ ಪ್ರಭುತ್ವದ ಮುಖ್ಯಸ್ಥನಿಗೆ ನೀವು ಮಾಡಿದ್ದು ತಪ್ಪೆಂದು ಬರೆದ ಈ ಕಾಗದ, ಆ ಕಾಲದ ಕ್ರೈಸ್ತ ಪ್ರತಿರೋಧದ ದಾಖಲೆಗಳಲ್ಲಿ ಯಾವ ಮಂಡಳಿಯ ನಿರ್ಣಯಕ್ಕಿಂತಲೂ ಮೇಲು.

ಲಾರೆನ್ಸ್ ಸೆರೆಯಾದ ಮರುದಿನ, ಮೇ 2ರಂದು, ಸ್ನೇಹಲತಾ ರೆಡ್ಡಿ ಬಂಧಿತರಾದರು. 1932ರಲ್ಲಿ ಹುಟ್ಟಿದ ಅವರದು ಕ್ರೈಸ್ತ ಧರ್ಮ ಸ್ವೀಕರಿಸಿದ್ದ ತೆಲುಗು ಮನೆತನ. ಮದ್ರಾಸಿನ ರಂಗತಂಡವೊಂದರ ಸ್ಥಾಪಕರಲ್ಲಿ ಒಬ್ಬರು. ಕವಿ, ಚಿತ್ರ ನಿರ್ದೇಶಕ ಪಟ್ಟಾಭಿರಾಮ ರೆಡ್ಡಿಯವರ ಪತ್ನಿ. 1970ರ ‘ಸಂಸ್ಕಾರ’ ಚಿತ್ರದ ಚಂದ್ರಿಯಾಗಿ ಕನ್ನಡಿಗರು ಅವರನ್ನು ಬಲ್ಲರು. ರಾಮಮನೋಹರ ಲೋಹಿಯಾ ಅವರ ವಿಚಾರಕ್ಕೆ ಒಲಿದ ಈ ದಂಪತಿಯ ಮನೆ ಸಮಾಜವಾದಿಗಳಿಗೂ ಲೇಖಕರಿಗೂ ಸದಾ ತೆರೆದಿತ್ತು. ಜಾರ್ಜ್ ಅವರ ಗೆಳೆತನವೇ ಸ್ನೇಹಲತಾ ಅವರ ಅಪರಾಧ. ಸ್ಫೋಟದ ಸಂಚೆಂದು ಜಾರ್ಜ್ ಮತ್ತಿತರರ ಮೇಲೆ ಹೊರಿಸಿದ ಬರೋಡಾ ಡೈನಮೈಟ್ ಪ್ರಕರಣಕ್ಕೆ ಸಂಬಂಧವಿದೆ ಎಂಬ ಶಂಕೆಯ ಮೇಲೆ ಹಿಡಿದರೂ ಅಂತಿಮ ಆರೋಪಪಟ್ಟಿಯಲ್ಲಿ ಅವರ ಹೆಸರೇ ಇರಲಿಲ್ಲ. ವಿಚಾರಣೆಯಿಲ್ಲದೆ ಮೀಸಾ ಅಡಿಯಲ್ಲಿ ಎಂಟು ತಿಂಗಳು ಬೆಂಗಳೂರು ಕೇಂದ್ರ ಕಾರಾಗೃಹದಲ್ಲಿಟ್ಟರು.

ಅವರಿಗೆ ತೀವ್ರ ಆಸ್ತಮಾ. ಜೈಲಿನ ಚಿಕಿತ್ಸೆ ಸಾಲಲಿಲ್ಲ. ಅದೇ ಜೈಲಿನಲ್ಲಿದ್ದ ಮಧು ದಂಡವತೆಯವರು, ರಾತ್ರಿಯ ನಿಶ್ಶಬ್ದದಲ್ಲಿ ಸ್ನೇಹಲತಾ ಅವರ ಕೋಣೆಯಿಂದ ಬರುತ್ತಿದ್ದ ನರಳಾಟ ತಮಗೆ ಕೇಳಿಸುತ್ತಿತ್ತೆಂದು ಮುಂದೆ ನೆನೆದಿದ್ದಾರೆ. ಇಂಥ ಸ್ಥಿತಿಯಲ್ಲೂ ಅವರು ಮಹಿಳಾ ಕೈದಿಗಳ ಪರವಾಗಿ ಜಗಳವಾಡಿದರು: ಅವರಿಗೆ ಹೊಡೆಯಬಾರದು, ತಿನ್ನಲು ಯೋಗ್ಯವಾದ ಅನ್ನ ಕೊಡಬೇಕು. ಕೈದಿಗಳಿಗೆ ಹಾಡು, ಆಟ ಕಲಿಸಿದರು. ಅಲ್ಲಿ ಬರೆದ ದಿನಚರಿ 1977ರಲ್ಲಿ ಪ್ರಕಟವಾಯಿತು. ಸ್ನೇಹಲತಾ ಅವರ ರಾಜಕೀಯವನ್ನು ಧರ್ಮದ ಹೆಸರಿನಲ್ಲಿ ಕರೆಯುವುದು ಸರಿಯಲ್ಲ, ಅವರದು ಸಮಾಜವಾದಿಯ ಪ್ರತಿರೋಧ. ಆದರೂ ಸೆರೆಯಲ್ಲಿದ್ದವರನ್ನು ನೋಡಲು ಹೋದವನೇ ನನ್ನನ್ನು ನೋಡಿದವನು ಎಂಬ ಅರ್ಥದ ಮಾತು ಮತ್ತಾಯನ ಸುವಾರ್ತೆಯ 25ನೇ ಅಧ್ಯಾಯದಲ್ಲಿರುವಾಗ, ಕ್ರೈಸ್ತ ಮನೆತನದಲ್ಲಿ ಹುಟ್ಟಿ ಬಂದೀಖಾನೆಯ ಬಡ ಹೆಂಗಸರಿಗಾಗಿ ಹೋರಾಡಿದ ಈ ಹೆಣ್ಣನ್ನು ಬಿಟ್ಟು ಆ ಕಾಲದ ಕಥೆ ಹೇಳಲಾಗದು. ಸ್ಥಿತಿ ಕೈಮೀರಿದ ಮೇಲೆ 1977ರ ಜನವರಿ 15ರಂದು ಪೆರೋಲ್ ಮೇಲೆ ಬಿಟ್ಟರು. ಜನವರಿ 20ರಂದು ತೀರಿಕೊಂಡರು.

ಅಷ್ಟರಲ್ಲಿ ಜಾರ್ಜ್ ಸಿಕ್ಕಿಬಿದ್ದಿದ್ದರು. 1976ರ ಜೂನ್ 10ರಂದು ಅವರನ್ನು ಹಿಡಿದದ್ದು ಕಲ್ಕತ್ತೆಯ ಸೇಂಟ್ ಪಾಲ್ಸ್ ಕ್ಯಾಥೀಡ್ರಲ್ ಆವರಣದಲ್ಲಿ. ಗುರುಮಠ ಬಿಟ್ಟು ಹೋದವನಿಗೆ ಕೊನೆಯ ಅಡಗುತಾಣ ಕೊಟ್ಟದ್ದು ಒಂದು ದೇವಾಲಯದ ಅಂಗಳ. ವಿಧೇಯತೆಯ ಪ್ರಶ್ನೆ ಅಲ್ಲಿಯ ಕ್ರೈಸ್ತರಿಗೆ ಪುಸ್ತಕದ ಮಾತಾಗಿರಲಿಲ್ಲ. ಪೊಲೀಸರು ಹುಡುಕುತ್ತಿರುವವನು ಬಾಗಿಲು ತಟ್ಟಿದಾಗ ತೆರೆಯಬೇಕೋ ಬೇಡವೋ ಎಂಬುದಾಗಿತ್ತು. ಓಡಿಬಂದವನಿಗೆ ದೇವಾಲಯದಲ್ಲಿ ಆಸರೆ ಕೊಡುವ ಪದ್ಧತಿ ಮಧ್ಯಯುಗದ ಯೂರೋಪಿನಲ್ಲಿ ಕಾನೂನೇ ಆಗಿತ್ತು. 1976ರ ಭಾರತದಲ್ಲಿ ಅದು ಅಪರಾಧ. ಪೊಲೀಸರ ಕೈಯಲ್ಲಿ ಜಾರ್ಜ್ ಅವರ ಜೀವಕ್ಕೆ ಅಪಾಯವಾಗದಂತೆ ಯೂರೋಪಿನ ಸಮಾಜವಾದಿ ನಾಯಕರು ಭಾರತ ಸರ್ಕಾರದ ಮೇಲೆ ಒತ್ತಡ ಹೇರಿದರು.

ಬರೋಡಾ ಪ್ರಕರಣದಲ್ಲಿ ಜಾರ್ಜ್ ಅವರೂ ಸೇರಿ 25 ಜನರ ಮೇಲೆ ಸಿಬಿಐ ಆರೋಪಪಟ್ಟಿ ಹಾಕಿತು. ಡೈನಮೈಟ್ ಸಂಗ್ರಹಿಸಿ ರೈಲುಹಳಿ, ಸೇತುವೆಗಳನ್ನು ಸಿಡಿಸುವ ಸಂಚು ಎಂಬುದು ಆರೋಪ. ಆರೋಪಿಗಳಲ್ಲಿ ಒಬ್ಬರಾದ, ಮೈಸೂರು ರಾಜ್ಯದಿಂದ ರಾಜ್ಯಸಭೆಗೆ ಹೋಗಿದ್ದ ಸಿ. ಜಿ. ಕೆ. ರೆಡ್ಡಿ ಮುಂದೆ ಈ ಬಗ್ಗೆ ಪುಸ್ತಕ ಬರೆದು, ದಂಗೆಯೇಳುವ ಹಕ್ಕೆಂಬ ಮಾತನ್ನು ಅದರ ಹೆಸರಿನಲ್ಲೇ ಇಟ್ಟರು. ಜೀವಹಾನಿಯಾಗದಂತೆ ಸರ್ಕಾರದ ಯಂತ್ರವನ್ನು ನಿಲ್ಲಿಸುವುದು ಉದ್ದೇಶವಾಗಿತ್ತೆಂದು ಈ ಗುಂಪಿನವರ ವಾದ. ಗಾಂಧೀಜಿಯ ಸತ್ಯಾಗ್ರಹಿ ತಾನು ಮಾಡಿದ್ದನ್ನು ಬಹಿರಂಗವಾಗಿ ಒಪ್ಪಿ ಶಿಕ್ಷೆ ಹೊರುತ್ತಾನೆ. 1975ರ ನವೆಂಬರ್ 14ರಿಂದ ಲೋಕ ಸಂಘರ್ಷ ಸಮಿತಿ ನಡೆಸಿದ ಸತ್ಯಾಗ್ರಹ ಅಂಥದ್ದು. ಡೈನಮೈಟಿನ ದಾರಿ ಬೇರೆ. ರೈಲುಹಳಿಯ ಮೇಲೆ ಸ್ಫೋಟಕ ಇಡುವವನು ಯಾವ ಗಾಡಿ ಯಾವ ಹೊತ್ತಿಗೆ ಬರುತ್ತದೆಂಬುದನ್ನು ಎಂದೂ ಪೂರ್ತಿ ಖಾತರಿ ಮಾಡಿಕೊಳ್ಳಲಾರ. ಬಾನ್‌ಹಾಫರ್ ಅವರಂಥವರೂ ಸಂಚಿಗೆ ಸೇರುವಾಗ ತಾವು ನಿರ್ದೋಷಿಗಳೆಂದು ಹೇಳಿಕೊಳ್ಳಲಿಲ್ಲ; ಪಾಪವನ್ನು ಹೊತ್ತುಕೊಂಡೇ ಮಾಡಬೇಕಾದ ಕೆಲಸವೆಂದು ತಿಳಿದಿದ್ದರು. ಕ್ರೈಸ್ತ ಪರಂಪರೆಯಲ್ಲಿ ಈ ಬಗೆಯ ಪ್ರತಿರೋಧಕ್ಕೆ ಇರುವ ಸಮರ್ಥನೆ ಬಹಳ ಇಕ್ಕಟ್ಟಾದದ್ದು, ಬರೋಡಾದ ಸಂಚು ಅದರೊಳಗೆ ಸಲೀಸಾಗಿ ಕೂರುವುದಿಲ್ಲ.

ಸರ್ಕಾರದ ಒಂದು ಕಾರ್ಯಕ್ರಮ ಮಾತ್ರ ಸುಮ್ಮನಿದ್ದ ಕಥೋಲಿಕರ ಆತ್ಮಸಾಕ್ಷಿಯನ್ನೂ ಕೆಣಕುವಂಥದಾಗಿತ್ತು. 1976ರ ಏಪ್ರಿಲ್‌ನ ರಾಷ್ಟ್ರೀಯ ಜನಸಂಖ್ಯಾ ನೀತಿ ಕಡ್ಡಾಯ ಸಂತಾನಶಕ್ತಿಹರಣದ ಕಾನೂನು ಮಾಡಲು ರಾಜ್ಯಗಳಿಗೆ ಅವಕಾಶ ಕೊಟ್ಟಿತು. ಶಿಕ್ಷಕರಿಗೆ, ಸರ್ಕಾರಿ ನೌಕರರಿಗೆ ಗುರಿ ಹಂಚಲಾಯಿತು. 1976–77ರ ಒಂದೇ ವರ್ಷದಲ್ಲಿ ದೇಶದಲ್ಲಿ 80 ಲಕ್ಷಕ್ಕೂ ಹೆಚ್ಚು ಶಸ್ತ್ರಚಿಕಿತ್ಸೆಗಳಾದವು. 1968ರಲ್ಲಿ ಪೋಪ್ ಆರನೆಯ ಪೌಲರು ಹೊರಡಿಸಿದ ‘ಹ್ಯೂಮಾನೆ ವೀತೆ’ ವಿಶ್ವಪತ್ರ ಇಂಥ ಶಸ್ತ್ರಚಿಕಿತ್ಸೆಯನ್ನು ಸ್ಪಷ್ಟವಾಗಿ ನಿಷೇಧಿಸಿತ್ತು. ಪತ್ರಿಕೆಯ ಬಾಯಿ ಮುಚ್ಚಿದಾಗ ದೇವರ ಆಜ್ಞೆ ನೆನಪಾಗದಿದ್ದವರಿಗೆ ಶಸ್ತ್ರಚಿಕಿತ್ಸೆಯ ಮೇಜಿನ ಮುಂದೆ ನೆನಪಾಗಬೇಕಾಯಿತು. ವಿಧೇಯತೆಗೆ ಮಿತಿಯಿದೆಯೆಂದು ಸಭೆಗೆ ತಿಳಿಯದೆ ಇರಲಿಲ್ಲ ಎಂಬುದು ಇದರಿಂದ ಗೊತ್ತಾಗುತ್ತದೆ. ಮಿತಿಯ ಗೆರೆಯನ್ನು ಕುಟುಂಬ ಮತ್ತು ಲೈಂಗಿಕ ನೀತಿಯ ಸುತ್ತ ಮಾತ್ರ ಎಳೆದದ್ದು, ಸೆರೆಮನೆಯ ಸುತ್ತ ಎಳೆಯದಿದ್ದದ್ದು ಅದರ ಕೊರತೆ.

1977ರ ಜನವರಿ 18ರಂದು ಇಂದಿರಾ ಗಾಂಧಿಯವರು ಚುನಾವಣೆ ಘೋಷಿಸಿದರು. ಜಾರ್ಜ್ ಜೈಲಿನಿಂದಲೇ ಬಿಹಾರದ ಮುಜಫರ್‌ಪುರದಿಂದ ನಿಂತು ಗೆದ್ದರು. ಮಾರ್ಚ್ 21ರಂದು ತುರ್ತುಪರಿಸ್ಥಿತಿ ತೆಗೆದುಹಾಕಲಾಯಿತು. ಹೊಸ ಜನತಾ ಸರ್ಕಾರ ಬರೋಡಾ ಪ್ರಕರಣವನ್ನು ಕೈಬಿಟ್ಟಿತು. ಉತ್ತರ ಭಾರತ ಕಾಂಗ್ರೆಸ್ಸನ್ನು ಕಿತ್ತೊಗೆದರೂ ಕರ್ನಾಟಕ 28ರಲ್ಲಿ 26 ಸ್ಥಾನಗಳನ್ನು ಕಾಂಗ್ರೆಸ್ಸಿಗೇ ಕೊಟ್ಟಿತು. ಉಳುವವನಿಗೆ ಹೊಲ ಕೊಟ್ಟ ಅರಸು ಸರ್ಕಾರದ ಮೇಲಿನ ವಿಶ್ವಾಸ ಅದರ ಹಿಂದೆ ಇತ್ತು. 1978ರ ನವೆಂಬರಿನಲ್ಲಿ ಚಿಕ್ಕಮಗಳೂರು ಉಪಚುನಾವಣೆಯಲ್ಲಿ ಇಂದಿರಾ ಗಾಂಧಿಯವರು ನಿಂತಾಗ, ಎದುರಾಳಿ ವೀರೇಂದ್ರ ಪಾಟೀಲರ ಪರ ಪ್ರಚಾರಕ್ಕೆ ಜಾರ್ಜ್ ಬಂದರು. ಕಾಫಿ ತೋಟಗಳ ಆ ಕ್ಷೇತ್ರದಲ್ಲೂ ಇಂದಿರಾ ಗೆದ್ದರು.

ಕ್ರೈಸ್ತ ವಲಯದಲ್ಲಿ ಆದ ಬದಲಾವಣೆ ನಿಧಾನದ್ದು. ಬೆಂಗಳೂರಿನ ವೈಟ್‌ಫೀಲ್ಡಿನಲ್ಲಿ ಸಭೈಕ್ಯ ಕೇಂದ್ರವನ್ನು ಕಟ್ಟಿದ್ದ ಎಂ. ಎ. ಥಾಮಸ್ ಅವರು 1977ರಲ್ಲಿ ಮಾನವ ಹಕ್ಕುಗಳಿಗಾಗಿ ವಿಜಿಲ್ ಇಂಡಿಯಾ ಆಂದೋಲನವನ್ನು ಆರಂಭಿಸಿದರು. ಜೈಲು, ಪೊಲೀಸ್ ಠಾಣೆ, ಬಂದಿಗಳ ಹಕ್ಕು ಸಭೆಯ ಕಾಳಜಿಯ ವಿಷಯಗಳೆಂದು ಬಹಿರಂಗವಾಗಿ ಹೇಳುವ ಕ್ರೈಸ್ತ ಸಂಘಟನೆಯೊಂದು ಕನ್ನಡ ನಾಡಿನಲ್ಲಿ ನೆಲೆಗೊಂಡಿತು. ಸ್ನೇಹಲತಾ ಸೆರೆಯಲ್ಲಿದ್ದ ಕೇಂದ್ರ ಕಾರಾಗೃಹ ಮುಂದೆ ಪರಪ್ಪನ ಅಗ್ರಹಾರಕ್ಕೆ ಹೋಯಿತು. ಹಳೆಯ ಆವರಣ ಈಗ ಸ್ವಾತಂತ್ರ್ಯ ಉದ್ಯಾನ, ಬೆಂಗಳೂರಿನ ಧರಣಿಗಳೆಲ್ಲ ನಡೆಯುವ ಜಾಗ.

ಎಂ. ಎಂ. ಥಾಮಸ್ ಅವರಿಗೆ 1990ರಲ್ಲಿ ಪ್ರಭುತ್ವದ ಇನ್ನೊಂದು ಮಗ್ಗುಲಲ್ಲಿ ಕೂರುವ ಸಂದರ್ಭ ಬಂತು. ಅವರನ್ನು ನಾಗಾಲ್ಯಾಂಡಿನ ರಾಜ್ಯಪಾಲರನ್ನಾಗಿ ನೇಮಿಸಲಾಯಿತು. 1992ರ ವಸಂತದಲ್ಲಿ ಮುಖ್ಯಮಂತ್ರಿ ವಾಮುಜೊ ಅವರ ಸಲಹೆಯಂತೆ, ಕೇಂದ್ರವನ್ನು ಕೇಳದೆ, ವಿಧಾನಸಭೆಯನ್ನು ವಿಸರ್ಜಿಸಿದರು. ಚುನಾಯಿತ ಮುಖ್ಯಮಂತ್ರಿಯ ಸಲಹೆಗೆ ಸಂವಿಧಾನದ ಪ್ರಕಾರ ತಾವು ಬದ್ಧರೆಂಬುದು ಅವರ ನಿಲುವು. ಕೇಂದ್ರ ಸರ್ಕಾರ ರಾಷ್ಟ್ರಪತಿ ಆಳ್ವಿಕೆ ಹೇರಿ, ಏಪ್ರಿಲ್‌ನಲ್ಲಿ ಅವರನ್ನು ಹುದ್ದೆಯಿಂದ ತೆಗೆದುಹಾಕಿತು. ಅವರು ಕೇರಳದ ತಿರುವಲ್ಲಕ್ಕೆ ಮರಳಿ ಬೈಬಲಿನ ಪುಸ್ತಕಗಳಿಗೆ ಮಲಯಾಳದಲ್ಲಿ ವ್ಯಾಖ್ಯಾನ ಬರೆಯುವ ಕೆಲಸವನ್ನು ಮುಂದುವರಿಸಿದರು. 1996ರ ಡಿಸೆಂಬರ್ 3ರಂದು ರೈಲಿನಲ್ಲಿ ಊರಿಗೆ ಹಿಂದಿರುಗುತ್ತಿರುವಾಗ ತೀರಿಕೊಂಡರು.